ಶಾಲೆ ತೋಟಕ್ಕೆ ನೀರು ಹೊತ್ತವರು ಯಾರು?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ಶನಿವಾರ ಚಿನಕುರಳಿ ಹೋಬಳಿಯ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಅಲ್ಲಿನ ಹಳೇ ವಿದ್ಯಾರ್ಥಿಗಳು, ಮೈಸೂರಲ್ಲಿ ಕಾಲೇಜು ಓದ್ತಿರೋ ನಾಲ್ಕೈದು ಹುಡುಗ ಹುಡುಗಿಯರು ಸೇರಿಕೊಂಡು ಶಾಲೆ ಹಿಂದಿನ ಪಾಳು ಜಾಗದಲ್ಲಿ ಮಕ್ಕಳ ಜೊತೆ ಕೈತೋಟ ಮಾಡ್ತಿದ್ದಾರೆ. ನುಗ್ಗೆ, ಕರಿಬೇವು, ಬಸಳೆ, ಪಪ್ಪಾಯಿ. ತಟ್ಟೆ ತೊಳೆಯೋ ನಲ್ಲಿಯ ನೀರು ಬಾಳೆ ಬುಡಕ್ಕೆ ಹೋಗೋ ಹಾಗೆ ಸಣ್ಣ ಕಾಲುವೆ ತೆಗೆದಿದ್ದಾರೆ. ಮಕ್ಕಳು ಗಿಡದ ಎತ್ತರ ಅಳೀತಾರೆ, ಎಲೆ ಎಣಿಸಿ ನೋಟ್‌ಬುಕ್ಕಲ್ಲಿ ಬರೀತಾರೆ. ಆವತ್ತಿನ ಗಣಿತ, ವಿಜ್ಞಾನ ಎರಡೂ ಅದೇ.

ಗೇಟು ದಾಟಿದ ಕೂಡಲೇ ನನ್ನ ಕಣ್ಣು ಹೋಗಿದ್ದು ಗಿಡದ ಕಡೆಗಲ್ಲ. ಬಿಂದಿಗೆ ಯಾರ ಕೈಲಿದೆ, ಪೊರಕೆ ಯಾರ ಕೈಲಿದೆ ಅಂತ ನೋಡಿದೆ. ಇದೇನು ಕೆಟ್ಟ ಚಟ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅದಕ್ಕೊಂದು ಚರಿತ್ರೆ ಇದೆ.

ನಮ್ಮ ತಾತ ನೀರಗಂಟಿ. ಈಗಿನ ಹುಡುಗರಿಗೆ ಈ ಪದವೇ ಗೊತ್ತಿಲ್ಲ. ಕೆರೆಯ ತೂಬು ತೆಗೆಯೋದು, ಮುಚ್ಚೋದು, ಯಾರ ಗದ್ದೆಗೆ ಯಾವ ಹೊತ್ತಲ್ಲಿ ಎಷ್ಟು ನೀರು ಅಂತ ಹಂಚೋದು ಅವರ ಕೆಲಸ. ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಇದು ನಮ್ಮ ಜನರ ಪಾಲಿಗೆ ಬಂದ ಹುದ್ದೆ. ತೋಟಿಯ ಹಾಗೆ ಇದೂ ಅಪ್ಪನಿಂದ ಮಗನಿಗೆ. ಸಂಬಳ ಅಂತ ಇಲ್ಲ, ಸುಗ್ಗಿಯಲ್ಲಿ ಕಣದ ಅಂಚಲ್ಲಿ ನಿಂತು ತಗೊಳ್ಳೋ ಆಯ. ಕಟ್ಟಕಡೆಯ ಗದ್ದೆಗೂ ನೀರು ಮುಟ್ಟಿಸೋ ಲೆಕ್ಕ ಅಕ್ಷರ ಬಾರದ ಆ ಮನುಷ್ಯನ ತಲೆಯಲ್ಲಿತ್ತು. ಊರ ಬಾವಿಯ ಹಗ್ಗವನ್ನು ಮಾತ್ರ ಅವರು ಮುಟ್ಟೋ ಹಾಗಿರಲಿಲ್ಲ. ನಮ್ಮ ತಾಲೂಕಿನ ತೊಣ್ಣೂರು ಕೆರೆ ನೋಡೋಕೆ ಬರೋರು ರಾಮಾನುಜರ ಕಥೆ ಕೇಳ್ತಾರೆ, ಮೋತಿ ತಲಾಬ್ ಅನ್ನೋ ಹೆಸರು ಹೇಗೆ ಬಂತು ಅಂತ ಕೇಳ್ತಾರೆ. ಇಂಥ ಕೆರೆಗಳ ತೂಬಿನ ಹತ್ತಿರ ರಾತ್ರಿಯೆಲ್ಲ ಕಾದವರು ಯಾರು ಅಂತ ಕೇಳೋರು ಕಮ್ಮಿ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು, ಹುದ್ದೆ ಕಾಗದದಲ್ಲಿ ಹೋಯ್ತು. ಅಷ್ಟು ಹೊತ್ತಿಗೆ ತಾತ ನಮ್ಮಪ್ಪನ್ನ ಶಾಲೆಗೆ ಸೇರಿಸಿದ್ದರು. ಮಗ ಕೆಸರಿಂದ ಮೇಲೆ ಬರಲಿ ಅನ್ನೋದೊಂದೇ ಆಸೆ.

ಆ ಶಾಲೆಯ ಬಾಗಿಲೂ ಸುಮ್ಮನೆ ತೆರೆದದ್ದಲ್ಲ. ನಾಲ್ವಡಿಯವರ ಕಾಲದಲ್ಲಿ ಸಿ. ಆರ್. ರೆಡ್ಡಿಯವರು ಮೈಸೂರಿನ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದಾಗ, 1910ರ ದಶಕದಲ್ಲಿ, ಸರ್ಕಾರಿ ಶಾಲೆ ಎಲ್ಲ ಜಾತಿಯ ಮಕ್ಕಳಿಗೂ ಸೇರಿದ್ದು ಅಂತ ಗಟ್ಟಿಯಾಗಿ ನಿಂತರು. ವಿರೋಧ ಸಣ್ಣದಿರಲಿಲ್ಲ. ಒಳಗೆ ಬಿಟ್ಟುಕೊಂಡ ಮೇಲೂ ಎಲ್ಲಿ ಕೂರಿಸ್ತಾರೆ, ಯಾರು ನೀರು ಹುಯ್ತಾರೆ ಅನ್ನೋ ಪ್ರಶ್ನೆ ಉಳೀತು. ಬಾಬಾಸಾಹೇಬರು ಸಾತಾರಾದ ಶಾಲೆಗೆ ಗೋಣಿತಾಟು ಹೊತ್ತುಕೊಂಡು ಹೋಗಿದ್ದು, ಜವಾನ ಬಂದು ನಲ್ಲಿ ತಿರುಗಿಸೋ ತನಕ ಬಾಯಾರಿ ನಿಂತಿದ್ದು ಅವರೇ ಬರೆದಿಟ್ಟಿದ್ದಾರೆ.

ಈಗ ನನ್ನ ಕಥೆ. ಎಂಬತ್ತರ ದಶಕದ ಕೊನೆ. ಶಾಲೆಯ ಹೆಸರು ಬೇಡ. ಆಫೀಸು ರೂಮಿನ ಮುಂದೆ ಗುಲಾಬಿ, ಕ್ರೋಟನ್ ಗಿಡಗಳು. ಶುಕ್ರವಾರದ ಸರಸ್ವತಿ ಪೂಜೆಗೆ ಹೂವು ಅಲ್ಲಿಂದಲೇ. ಕೊನೇ ಪೀರಿಯಡ್ ಬಂತು ಅಂದರೆ ಮೇಷ್ಟ್ರು ಕರೆಯೋರು: "ಹಟ್ಟಿ ಹುಡುಗ್ರು ಬರ್ರೋ, ನೀರ್ ಹಾಕ್ರೋ, ನಿಮಗೆ ಅಭ್ಯಾಸ ಐತೆ." ಬೋರಿನಿಂದ ಬಿಂದಿಗೆ ಹೊತ್ತು ತರೋರು ನಾವು. ಪೂಜೆ ದಿನ ಹಿಂದೆ ನಿಲ್ಲೋರೂ ನಾವೇ. ಮೇಷ್ಟ್ರು ಕೆಟ್ಟವರಲ್ಲ, ನನಗೆ ಪೆನ್ನು ಕೊಡಿಸಿದ್ದಾರೆ. ಆದರೆ ಆ "ಅಭ್ಯಾಸ ಐತೆ" ಅನ್ನೋ ಮಾತು ಇವತ್ತಿಗೂ ಕಿವಿಯಲ್ಲಿದೆ. ನಮ್ಮ ತಾತನ ಹುದ್ದೆ ರದ್ದಾಗಿ ಇಪ್ಪತ್ತೈದು ವರ್ಷ ಆಗಿತ್ತು ಕಣ್ರೀ.

ದೊಡ್ಡವನಾದ ಮೇಲೆ ಗೊತ್ತಾಯ್ತು, ಇದಕ್ಕೆ ದೊಡ್ಡ ದೊಡ್ಡ ಸಿದ್ಧಾಂತಗಳೂ ಇದ್ದವು ಅಂತ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್‌ನಲ್ಲಿ ನೂಲು, ಬೇಸಾಯದಂಥ ಕೈಕೆಲಸವೇ ಪಾಠದ ನಡುಗಂಬ. ಎಲ್ಲ ಜಾತಿಯ ಮಕ್ಕಳೂ ಕೈ ಮಣ್ಣು ಮಾಡಿಕೊಳ್ಳಲಿ ಅನ್ನೋದು ಅವರ ಆಶಯ, ಅದನ್ನು ಮರೆಮಾಚಬಾರದು. ಆದರೆ ಪುಸ್ತಕ ಮುಟ್ಟೋಕೆ ತಲೆಮಾರುಗಟ್ಟಲೆ ಕಾದವನ ಮಗನ ಕೈಗೆ ಮತ್ತೆ ಗುದ್ದಲಿ ಕೊಟ್ಟರೆ ಅವನಪ್ಪನಿಗೆ ಹೇಗನ್ನಿಸುತ್ತೆ? 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಳ್ಳಿ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದರ್ಧ ಮನೆಯಲ್ಲಿ ಅಪ್ಪನ ಕಸುಬು. ಆಗ ನಮ್ಮ ಕೊಳ್ಳೇಗಾಲ, ಮಂಗಳೂರು, ಕಾಸರಗೋಡು ಎಲ್ಲ ಮದರಾಸು ರಾಜ್ಯದಲ್ಲೇ ಇದ್ದವು ಅನ್ನೋದು ನೆನಪಿರಲಿ. ಇದು ಕುಲಕಸುಬಿನ ಶಿಕ್ಷಣ ಅಂತ ಪೆರಿಯಾರ್ ಬೀದಿಗಿಳಿದರು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜ್ ಬಂದು ಯೋಜನೆ ಕೈಬಿಟ್ಟರು.

ಹಾಗಾಗಿ ಎಷ್ಟೋ ವರ್ಷ ನಾನು ಶಾಲೆ ತೋಟ ಅಂದರೆ ಉರಿದುಬೀಳ್ತಿದ್ದೆ. ಸಭೆಗಳಲ್ಲಿ ಜಗಳಾನೂ ಆಡಿದ್ದೀನಿ.

ಮನಸ್ಸು ಬದಲಾಗಿದ್ದು ಬಿಸಿಯೂಟದಿಂದ. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಆಮೇಲೆ ನಮ್ಮ ಕಡೆಗೂ ಬಂತು. ಒಂದೇ ಸಾಲು, ಒಂದೇ ಸಾಂಬಾರು. ದಲಿತ ಹೆಣ್ಣುಮಗಳು ಅಡುಗೆ ಮಾಡ್ತಾಳೆ ಅಂತ ಮಕ್ಕಳಿಗೆ ಊಟ ಬಿಡಿಸಿದ ಊರುಗಳ ಸುದ್ದಿ ನಾವೆಲ್ಲ ಓದಿದ್ದೀವಿ. ಅದಕ್ಕೇ ಈ ಸಾಂಬಾರು ಸಣ್ಣ ವಿಷಯ ಅಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಿ, ಬೆಳೆದ ಸೊಪ್ಪು ತರಕಾರಿ ಬಿಸಿಯೂಟಕ್ಕೇ ಬಳಸಿ ಅಂತ ಮಾರ್ಗಸೂಚಿ ಕೊಡ್ತು. ಇನ್ನೊಂದು ಮಾತು. ನಮ್ಮ ಕೇರಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಒಂದು ಕರಿಬೇವಿನ ಗಿಡ ನೆಡೋಕೂ ಹಿತ್ತಲಿಲ್ಲ. ತುಂಡು ನೆಲ ಇಲ್ಲದ ಮನೆಯ ಮಗು "ಇದು ನನ್ನ ಗಿಡ" ಅನ್ನೋಕೆ ಇರೋ ಜಾಗ ಆ ಶಾಲೆ ಹಿತ್ತಲು ಒಂದೇ.

ಹಾಗಂತ ಮೈಮರೆಯೋ ಹಾಗೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲೂಕಿನ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಇಡೀ ರಾಜ್ಯ ನೋಡಿದೆ. ಮಕ್ಕಳ ಕೈಲಿ "ಶ್ರಮ" ಮಾಡಿಸ್ತೀವಿ ಅಂತ ಯಾರೇ ಅಂದರೂ, ಯಾವ ಮಕ್ಕಳು, ಯಾವ ಕೆಲಸ ಅಂತ ನಾವು ಕೇಳಲೇಬೇಕು.

ಶನಿವಾರ ನಾನು ಕೇಳಿದ್ದೂ ಅದನ್ನೇ. ಕಾಲೇಜು ಹುಡುಗಿ ಗೋಡೆಗೆ ಅಂಟಿಸಿದ್ದ ಪಟ್ಟಿ ತೋರಿಸಿದಳು. "ಹಾಜರಿ ಪುಸ್ತಕದ ನಂಬರಿನ ಪ್ರಕಾರ ಹಾಕಿದೀವಿ ಕಣಣ್ಣ. ನೀರು, ಕಳೆ, ಅಳತೆ, ಬರೆಯೋದು, ಕೀಳೋದು. ವಾರ ವಾರ ತಿರುಗುತ್ತೆ. ಯಾರ ಮನೆಯೋರಾದ್ರೂ ಅಷ್ಟೇ." ಖುಷಿಯಾಯ್ತು. ಆದರೆ ಕೊನೇ ಸಾಲು ನೋಡಿದೆ, ಕಸ ಗುಡಿಸೋದು: ಬರೀ ಹೆಣ್ಣುಮಕ್ಕಳ ಹೆಸರು. "ಇದ್ಯಾಕವ್ವ ಹಿಂಗೆ?" ಅಂದೆ. ಅವಳ ಮುಖ ಕೆಂಪಾಯ್ತು. "ಗಮನಿಸಿರ್ಲಿಲ್ಲ ಅಣ್ಣ" ಅಂದು ಅಲ್ಲೇ ಪೆನ್ನು ತಗೊಂಡು ಹೊಡೆದು ಹಾಕಿ, ಆ ಸಾಲನ್ನೂ ನಂಬರಿಗೆ ಸೇರಿಸಿದಳು. ಹುಡುಗರು ಗೊಣಗಿದರು. ಗೊಣಗಲಿ.

ಹೊರಡೋ ಹೊತ್ತಿಗೆ ಬಸಳೆ ಪಾತಿಗೆ ನೀರು ಬಿಡ್ತಿದ್ದರು. ಪೈಪು ಹಿಡಿದಿದ್ದು ಮೇಲಿನ ಬೀದಿಯ ಗೌಡ್ರ ಮನೆ ಹುಡುಗಿ. ಈ ವಾರ ಬರೆಯೋ ಸರದಿ ನಮ್ಮ ಕೇರಿಯ ಹುಡುಗಂದು. ನಾಲ್ಕನೇ ಕ್ಲಾಸು, ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ನೋಟ್‌ಬುಕ್ ಹಿಡಿದು ಪಾತಿ ಅಂಚಲ್ಲಿ ನಿಂತಿದ್ದ. ನೀರು ಕೊನೇ ಗಿಡದ ಬುಡ ಮುಟ್ಟೋದನ್ನೇ ನೋಡ್ತಾ ಇದ್ದು, ಕೈ ಎತ್ತಿ ಹೇಳಿದ: "ಸಾಕು, ಸಾಕು. ಇನ್ನ ಮುಂದಿನ ಪಾತಿಗೆ ಬಿಡು."