ಸೈಕಲ್ ಅಂಗಡಿಯಿಂದ ಸ್ಕ್ಯಾನರ್‌ವರೆಗೆ: ಬೆಳಗಾವಿಯ ಪಾನಾ ಪುರಾಣ

ನಮ್ಮ ಕಡೆ ಸ್ಪ್ಯಾನರ್‌ಗೆ 'ಪಾನಾ' ಅಂತಾರೆ. ಮೆಕ್ಯಾನಿಕ್ ಅಂದರೆ 'ಮಿಸ್ತ್ರಿ'. ಕಾರಿನ ಐದನೇ ಚಕ್ರಕ್ಕೆ 'ಸ್ಟೆಪ್ನಿ'. ಈ ಕೊನೆಯ ಪದದ ಮೂಲ ಮಜವಾಗಿದೆ. 1904ರಲ್ಲಿ ವೇಲ್ಸ್‌ನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯ ಅಂಗಡಿಯೊಂದು ಮೋಟಾರಿಗೆ ಬಿಡಿ ಚಕ್ರ ಮಾಡಿ ಮಾರತೊಡಗಿತು. ಆ ಪದವನ್ನು ಬ್ರಿಟನ್ನಿನವರು ಮರೆತರು, ನಾವು ಮಾತ್ರ ಇವತ್ತಿಗೂ ಡಿಕ್ಕಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೇವೆ!

ತನ್ನ ಗಾಡಿಯನ್ನು ತಾನೇ ಬಿಚ್ಚಿ, ತಾನೇ ಜೋಡಿಸುವ ಚಟ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಹುಡುಕಿದರೆ, ಬೆಳಗಾವಿಯ ಮಟ್ಟಿಗೆ ಆ ಕಥೆ ಕಾರಿಗಿಂತಲೂ ಹಳೆಯದು. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮತ್ತು ಅವರ ಅಣ್ಣ ರಾಮುಅಣ್ಣ ಇಲ್ಲಿ ಸೈಕಲ್ ವ್ಯಾಪಾರ ಶುರು ಮಾಡಿದರು. ಲಕ್ಷ್ಮಣರಾವ್ ಇದೇ ಜಿಲ್ಲೆಯ ಗುರ್ಲಹೊಸೂರಿನವರು, ಮುಂಬಯಿಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವರು ಅಲ್ಲಿಂದ ಸೈಕಲ್ ಕಳಿಸುವುದು, ಅಣ್ಣ ಇಲ್ಲಿ ಮಾರುವುದು, ಕೊಂಡವರಿಗೆ ಹತ್ತಲು ಕಲಿಸುವುದು. ಸೈಕಲ್ ಇದ್ದ ಮೇಲೆ ರಿಪೇರಿ ಇರಲೇಬೇಕಲ್ಲ? ಆಮೇಲೆ ಲಕ್ಷ್ಮಣರಾವ್ ನೌಕರಿ ಬಿಟ್ಟು ಬಂದು ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷ ಅಂತ ರೈತರು ಹೆದರಿ ದೂರ ನಿಂತರಂತೆ. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನದ ಜಾಗಕ್ಕೆ ಹೋಯಿತು. ಅದೇ ಇವತ್ತಿನ ಕಿರ್ಲೋಸ್ಕರವಾಡಿ. ಬೆಳಗಾವಿಗೆ ಉಳಿದದ್ದು ಕಿರ್ಲೋಸ್ಕರ್ ರೋಡ್ ಎಂಬ ಹೆಸರು.

ಕಾರ್ಖಾನೆ ಹೋದರೂ ಊರು ಕಬ್ಬಿಣವನ್ನು ಬಿಡಲಿಲ್ಲ. ಉದ್ಯಮಬಾಗ, ಮಚ್ಛೆ ಕಡೆ ಹೋಗಿ ನೋಡಿ. ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಫೌಂಡ್ರಿಗಳಿವೆ. ವಾಹನ, ಪಂಪು, ವಾಲ್ವುಗಳ ಎರಕ ಇಲ್ಲಿಂದ ಹೋಗುತ್ತದೆ. ಕಾರು ಇಲ್ಲದ ಮನೆಯಲ್ಲೂ ಕಾರಿನ ಭಾಗ ಎರಕ ಹೊಯ್ದು, ಲೇಥಿಗೆ ಹಾಕಿ ಬಂದ ಕೈಗಳಿರುವ ಊರು ಇದು.

ಇನ್ನು ಕಾರಿನ ಮಾತು. 1980ರ ದಶಕದ ಮೊದಲ ವರ್ಷಗಳವರೆಗೆ ನಮ್ಮ ರಸ್ತೆಯಲ್ಲಿ ಇದ್ದದ್ದು ಮುಖ್ಯವಾಗಿ ಎರಡೇ, ಅಂಬಾಸಡರ್ ಮತ್ತು ಫಿಯೆಟ್. ಮುಂಬಯಿಯ ಪ್ರೀಮಿಯರ್ ಕಂಪನಿ 1964ರಲ್ಲಿ ತಂದ 1089 ಸಿಸಿಯ ಫಿಯೆಟ್ಟೇ 1974ರಲ್ಲಿ 'ಪದ್ಮಿನಿ' ಎಂಬ ಹೆಸರು ಪಡೆಯಿತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಹಾಗೆ ಬಂದ ಗಾಡಿಯನ್ನು ಇಪ್ಪತ್ತು ವರ್ಷ ಓಡಿಸಲೇಬೇಕು. ರಿಪೇರಿ ಕಲಿಯದೆ ಬೇರೆ ದಾರಿ ಇತ್ತೇ?

ಕಲಿಯುವಷ್ಟು ಸರಳವಾಗಿಯೂ ಇತ್ತು ಅನ್ನಿ. ಬಾನೆಟ್ ಎತ್ತಿದರೆ ಎಲ್ಲ ಕಣ್ಣೆದುರಿಗೇ. ಡಿಸ್ಟ್ರಿಬ್ಯೂಟರ್ ಒಳಗಿನ 'ಪಾಯಿಂಟ್' ಅಂದರೆ ಎರಡು ಲೋಹದ ತುದಿಗಳು. ಅವುಗಳ ನಡುವೆ ಸುಮಾರು 0.4 ಮಿ.ಮೀ. ಅಂತರ ಬೇಕು. ಅವು ತೆರೆದ ಕ್ಷಣದಲ್ಲಿ ಕಾಯಿಲ್‌ನಿಂದ ಪ್ಲಗ್ಗಿಗೆ ಕಿಡಿ ಹೋಗುತ್ತದೆ. ಅಂತರ ತಪ್ಪಿದರೆ ಗಾಡಿ ಕೆಮ್ಮುತ್ತದೆ. ಅಳೆಯುವ ಗೇಜ್ ಇಲ್ಲದವರು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುತ್ತಿದ್ದರು. ಪಾಲಿಶ್ ಕಾಗದ ಹಾಕಿ ಉಜ್ಜಿದರೆ ಮತ್ತೆ ಕೆಲವು ದಿನ ನಿಶ್ಚಿಂತೆ. ಬ್ಯಾಟರಿ ಸತ್ತರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರಾಯಿತು.

ಆದರೆ ನಿಜವಾದ ಪರೀಕ್ಷೆ ಇದ್ದದ್ದು ಖಾನಾಪುರ ತಾಲೂಕಿನಲ್ಲಿ. ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಆಚೆ ಚೋರ್ಲಾ ಘಾಟ್... ಮಳೆಗಾಲದಲ್ಲಿ ಅಲ್ಲಿ ಆಕಾಶ ಹರಿದೇ ಬೀಳುತ್ತದೆ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ತೇವ ಸೇರಿದರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಅಡ್ಡದಾರಿ ಹಿಡಿಯುತ್ತದೆ. ಮುಚ್ಚಳ ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿದರೆ ಗಾಡಿ ಮತ್ತೆ ಚಾಲೂ. ಬೇಸಿಗೆಯಲ್ಲಿ ಇದರ ಉಲ್ಟಾ. ಘಾಟಿ ಏರುವಾಗ ಇಂಜಿನ್ ಕಾವಿಗೆ ಪಂಪಿನಲ್ಲೇ ಪೆಟ್ರೋಲ್ ಆವಿಯಾಗಿ ಹರಿವು ನಿಲ್ಲುತ್ತದೆ. ಮದ್ದು? ಪಂಪಿನ ಮೇಲೆ ಒದ್ದೆ ಬಟ್ಟೆ! ಒಂದೇ ರಸ್ತೆ, ಮಳೆಗೆ ಒಣ ಬಟ್ಟೆ, ಬಿಸಿಲಿಗೆ ಒದ್ದೆ ಬಟ್ಟೆ. ಕಾಡಿನ ನಡುವೆ ಗ್ಯಾರೇಜು ಎಲ್ಲಿ ಸಿಗಬೇಕು? ಗೊತ್ತಿದ್ದವನು ರಾತ್ರಿಯೊಳಗೆ ಮನೆ ಸೇರುತ್ತಿದ್ದ, ಗೊತ್ತಿಲ್ಲದವನು ಲಾರಿ ಬರುವವರೆಗೆ ಕೂರುತ್ತಿದ್ದ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಕಾರು ಕೆಡುವುದು ಕಡಿಮೆಯಾಯಿತು, ಸಿಂಗರಿಸುವ ಹುಚ್ಚು ಜಾಸ್ತಿಯಾಯಿತು. ಸೀಟ್ ಕವರ್, ಕ್ಯಾಸೆಟ್ ಪ್ಲೇಯರ್, ರಿವರ್ಸ್ ಹಾರ್ನು, ಫಾಗ್ ಲ್ಯಾಂಪು, ಕಪ್ಪು ಫಿಲಂ. ಪಾನಾದ ಜಾಗಕ್ಕೆ ಇನ್ಸುಲೇಷನ್ ಟೇಪ್ ಬಂತು. ತೊಂದರೆ ಹುಟ್ಟಿದ್ದೂ ಇಲ್ಲೇ. 60/55 ವ್ಯಾಟ್ ಬಲ್ಬಿನ ಜಾಗದಲ್ಲಿ 100/90 ಹಾಕಿ, ರಿಲೇ ಹಾಕದೆ ಬಿಟ್ಟರೆ ಅಷ್ಟೂ ಕರೆಂಟು ಸ್ವಿಚ್ಚಿನ ಮೂಲಕವೇ ಹರಿದು ಅದು ಕರಗುತ್ತದೆ. ಹಳೇ ಫಿಯೆಟ್ಟಿನ ತಪ್ಪು ಗಾಡಿ ನಿಲ್ಲಿಸುತ್ತಿತ್ತು, ವೈರಿಂಗ್ ತಪ್ಪು ಬೆಂಕಿ ಹಚ್ಚುತ್ತದೆ.

ಕಾನೂನೂ ಒಂದೊಂದಾಗಿ ಬಂತು. 2012ರಲ್ಲಿ ಸುಪ್ರೀಂ ಕೋರ್ಟ್ ಗಾಜಿನ ಕಪ್ಪು ಫಿಲಂ ನಿಷೇಧಿಸಿತು. ಬುಲ್ ಬಾರ್ ಬೇಡ ಅಂತ ಕೇಂದ್ರ ಸರ್ಕಾರ 2017ರಲ್ಲಿ ಹೇಳಿತು. ಕಂಪನಿ ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿತು. ಇದರಲ್ಲಿ ಬಹಳಷ್ಟು ಸರಿಯೇ. ಮುಂದೆ ಕಬ್ಬಿಣದ ಕೊಂಬು ಕಟ್ಟಿದರೆ ಡಿಕ್ಕಿಯ ಪೆಟ್ಟು ದಾರಿಹೋಕನಿಗೇ ಜಾಸ್ತಿ.

ಕೈ ಕಟ್ಟಿದ್ದು ಬರೀ ಕಾನೂನಲ್ಲ. ಹೊಗೆಯ ನಿಯಮ ಬಿಗಿಯಾದಂತೆ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. 2017ರಲ್ಲಿ ದೇಶಕ್ಕೆಲ್ಲ ಬಿಎಸ್ 4, 2020ರಲ್ಲಿ ಬಿಎಸ್ 6. ಗಾಳಿ ಸ್ವಚ್ಛವಾಗಬೇಕು, ತಕರಾರಿಲ್ಲ. ಆದರೆ ವಿಸಿಟಿಂಗ್ ಕಾರ್ಡಿನಲ್ಲಿ ಅಳೆಯುವಂಥದ್ದು ಏನೂ ಉಳಿಯಲಿಲ್ಲ. ಕಿವಿಯಿಂದ ರೋಗ ಹೇಳುತ್ತಿದ್ದ ಮಿಸ್ತ್ರಿ ಈಗ ಸ್ಕ್ಯಾನರ್ ಇಲ್ಲದೆ ಸುಮ್ಮನೆ ನಿಲ್ಲಬೇಕು. ಕಂಪನಿಯ ಸ್ಕ್ಯಾನರು, ಸಾಫ್ಟ್‌ವೇರು, ಮ್ಯಾನುಯಲ್ಲು ಅವನಿಗೆ ಸಿಗುವುದು ಕಷ್ಟ. ಬ್ಲಾಕ್ ಎರಕ ಹೊಯ್ಯುವ ಊರಿನವನಿಗೆ ಅದರ ಮೇಲಿನ ಪೆಟ್ಟಿಗೆ ತೆರೆಯಲು ಅನುಮತಿ ಇಲ್ಲ!

ನನ್ನ ಮಟ್ಟಿಗೆ ಇದು ಹಳೇ ಕಾರಿನ ನೆನಪಿನ ಹಳಹಳಿ ಅಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಮಾಹಿತಿ ಸಿಗದಿದ್ದರೆ ಸಣ್ಣ ಗ್ಯಾರೇಜು ಮುಚ್ಚುತ್ತದೆ, ಖಾನಾಪುರದವನು ಸಣ್ಣ ರಿಪೇರಿಗೂ ಬೆಳಗಾವಿಗೆ ಬರಬೇಕಾಗುತ್ತದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತು. ಒಳ್ಳೇ ಮೊದಲ ಹೆಜ್ಜೆ. ಆದರೆ ಅದು ಮರದ ಕೆಳಗಿನ ಗ್ಯಾರೇಜಿನವರೆಗೂ, ಕನ್ನಡದಲ್ಲೂ ಬರಬೇಕು.

ಅಲ್ಲಿಯವರೆಗೆ ನಮ್ಮ ಕೈಗೆ ಏನೂ ಇಲ್ಲ ಅಂದುಕೊಳ್ಳಬೇಡಿ. ಟಯರ್ ಗಾಳಿ, ಕೂಲೆಂಟ್, ಏರ್ ಫಿಲ್ಟರ್, ವೈಪರ್, ಬ್ಯಾಟರಿ ಟರ್ಮಿನಲ್ ಇನ್ನೂ ನಮ್ಮದೇ. ಸಾವಿರ ರೂಪಾಯಿ ಆಸುಪಾಸಿನ ಸಣ್ಣ ರೀಡರನ್ನು ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿದರೆ ಮೊಬೈಲಿನಲ್ಲಿ ಕೋಡ್ ಕಾಣುತ್ತದೆ. 'ಪಿ0301' ಅಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಹೊಸ ಕಾಲದ ಪಾನಾ ಇದು. ಸೈಕಲ್ ಮಾರಿ ಸುಮ್ಮನಾಗದೆ ಹತ್ತಲೂ ಕಲಿಸಿದ ಊರಿಗೆ ಇದನ್ನು ಕಲಿಯೋದು ದೊಡ್ಡ ಮಾತಲ್ಲ.

ಅಂದ್ಹಾಗೆ, ನಿಮ್ಮ ಕಡೆ ಪಾನಾಕ್ಕೆ ಏನಂತಾರೆ?