ಚಳಿಗಾಲದ ಹೊಗೆಯೂ ಕಾನೂನಿನ ಥರ್ಮಾಮೀಟರೂ

ಕಾರಿನ ಹೊಗೆಯನ್ನು ಅಳೆಯುವ ಪ್ರಯೋಗಾಲಯಗಳಲ್ಲಿ ಬಹುಕಾಲ ಒಂದೇ ಋತು ಇತ್ತು. 20ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವಿನ ಕೋಣೆಯಲ್ಲಿ ಕಾರನ್ನು ಗಂಟೆಗಟ್ಟಲೆ ನಿಲ್ಲಿಸಿ, ಆಮೇಲೆ ರೋಲರುಗಳ ಮೇಲೆ ಓಡಿಸಿ, ಬಂದ ಅಂಕಿಯನ್ನೇ ಆ ಕಾರಿನ ಗುಣವೆಂದು ಒಪ್ಪಿಕೊಳ್ಳುತ್ತಿದ್ದರು. ಬೆಂಗಳೂರಿನವರಿಗೆ ಇದು ಸಹಜ ಹವೆ. ಜನವರಿಯ ಡೆನ್ವರಿಗೋ ಹೆಲ್ಸಿಂಕಿಗೋ ಅಲ್ಲ. ಈ ಕ್ಷೇತ್ರದ ಐವತ್ತು ವರ್ಷಗಳನ್ನು ಹಿಂತಿರುಗಿ ನೋಡಿದರೆ ನನಗೆ ಕಾಣುವುದು ಇಷ್ಟು: ಎಂಜಿನಿಯರುಗಳಿಗೆ ಚಳಿಯ ತೊಂದರೆ ಮೊದಲಿನಿಂದಲೂ ಗೊತ್ತಿತ್ತು, ಆದರೆ ಕಾನೂನು ಯಾವ ಉಷ್ಣಾಂಶದಲ್ಲಿ ನೋಡಿತೋ ಆ ಉಷ್ಣಾಂಶದಲ್ಲೇ ಕಾರುಗಳು ಶುದ್ಧವಾದವು.

ಪೆಟ್ರೋಲ್ ಉರಿಯುವುದು ಆವಿಯಾಗಿ. ತಣ್ಣಗಿನ ಎಂಜಿನ್ನಿನಲ್ಲಿ ಅದರ ಒಂದು ಪಾಲು ಗೋಡೆಗಳಿಗೆ ಅಂಟಿಕೊಂಡು ಉಳಿಯುತ್ತದೆ. ಹೊತ್ತಿಕೊಳ್ಳುವಷ್ಟು ಆವಿ ಬೇಕಾದರೆ ಹೆಚ್ಚು ಪೆಟ್ರೋಲ್ ಕೊಡಬೇಕು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದವರು ಬೆಳಿಗ್ಗೆ ಚೋಕ್ ಎಳೆಯುತ್ತಿದ್ದುದು ಇದಕ್ಕೇ. ಇಂಜೆಕ್ಷನ್ ಎಂಜಿನ್ನುಗಳು ಬಂದ ಮೇಲೆ ಅದೇ ಕೆಲಸವನ್ನು ಕೂಲೆಂಟಿನ ಶಾಖ ಓದುವ ಸೆನ್ಸರ್ ನೋಡಿಕೊಳ್ಳುತ್ತದೆ, ಅಷ್ಟೇ. ಹೆಚ್ಚಾದ ಪೆಟ್ರೋಲ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಆಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಚಳಿಯಲ್ಲಿ ಎದ್ದು ಕಾಣುವ ಬಿಳಿ ಹೊಗೆಯಾದರೋ ಬಹುಪಾಲು ನೀರಿನ ಆವಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಲ್ಲಿ ಕಡುಚಳಿಯ ದಿನಗಳಲ್ಲಿ ಈ ಆವಿ ಹಿಮಕಣಗಳ ಮಂಜಾಗಿ ಊರನ್ನೇ ಮುಸುಕುವುದನ್ನು ಕಾರ್ಲ್ ಬೆನ್ಸನ್ 1960ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

1975ರ ಮಾದರಿಗಳಿಂದ ಅಮೆರಿಕದ ಕಾರುಗಳಿಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ವ್ಯಾಪಕವಾಗಿ ಬಂತು. ಎರಡು ವರ್ಷಗಳೊಳಗೆ ವೋಲ್ವೋ ಕಂಪನಿ ಆಕ್ಸಿಜನ್ ಸೆನ್ಸರ್ ಜೋಡಿಸಿದ, ಮೂರು ಬಗೆಯ ವಿಷವನ್ನು ಒಟ್ಟಿಗೆ ತಗ್ಗಿಸುವ ತ್ರಿಮುಖ ಕನ್ವರ್ಟರನ್ನು ಕ್ಯಾಲಿಫೋರ್ನಿಯಾದಲ್ಲಿ ಮಾರಿತು. ದೊಡ್ಡ ಗೆಲುವು. ಆದರೆ ಈ ಸಾಧನಕ್ಕೆ ಒಂದು ಷರತ್ತಿದೆ: ಸುಮಾರು 250ರಿಂದ 300 ಡಿಗ್ರಿ ಕಾಯುವವರೆಗೂ ಅದು ಕೆಲಸಕ್ಕೆ ಇಳಿಯುವುದಿಲ್ಲ. ಅಲ್ಲಿಯವರೆಗಿನ ಹೊಗೆ ಹೋದ ಹಾಗೇ ಹೋಗುತ್ತದೆ. ಬಿಸಿಯಾದ ಎಂಜಿನ್ನು ಶುದ್ಧವಾದಷ್ಟೂ, ಒಂದು ಪ್ರಯಾಣದ ವಿಷದಲ್ಲಿ ಮೊದಲ ಒಂದೆರಡು ನಿಮಿಷಗಳ ಪಾಲು ಹಿರಿದಾಗುತ್ತ ಹೋಯಿತು.

ಯುರೋಪಿನ ಪರೀಕ್ಷೆ ಈ ನಿಮಿಷಗಳನ್ನು ಹೇಗೆ ನೋಡಿತು? ಎಂಜಿನ್ ಚಾಲೂ ಮಾಡಿ 40 ಸೆಕೆಂಡ್ ಸುಮ್ಮನೆ ಬಿಟ್ಟು, ಆಮೇಲೆ ಹೊಗೆ ಹಿಡಿಯಲು ಶುರುಮಾಡುತ್ತಿತ್ತು! ಈ ವಿನಾಯಿತಿ ಹೋದದ್ದು 2000ದಲ್ಲಿ, ಯೂರೋ 3 ಹೊಗೆ ನಿಯಮ ಬಂದಾಗ.

ಚಳಿಯನ್ನು ಪರೀಕ್ಷಾ ಕೋಣೆಯೊಳಗೆ ತಂದವರಲ್ಲಿ ಅಮೆರಿಕದವರು ಮುಂದು. ಚಳಿಗಾಲದಲ್ಲಿ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳದೆ ಊರ ಮೇಲೆ ಮುಚ್ಚಳ ಬೀಳುತ್ತದೆ, ಮಾನಾಕ್ಸೈಡ್ ಅಲ್ಲೇ ಕೂಡಿಕೊಳ್ಳುತ್ತದೆ. ಡೆನ್ವರ್ ಇರುವ ಕೊಲರಾಡೋ ರಾಜ್ಯ 1988ರಲ್ಲೇ ಚಳಿಗಾಲಕ್ಕೆ ಆಮ್ಲಜನಕಯುಕ್ತ ಪೆಟ್ರೋಲನ್ನು ಕಡ್ಡಾಯ ಮಾಡಿತು. 1990ರಲ್ಲಿ ಅಮೆರಿಕದ ಶುದ್ಧ ಗಾಳಿ ಕಾಯ್ದೆಗೆ ತಿದ್ದುಪಡಿಯಾದ ನಂತರ, 1994ರ ಮಾದರಿಗಳಿಂದ, ಮೈನಸ್ 7 ಡಿಗ್ರಿಯಲ್ಲಿ ಮೈಲಿಗೆ 10 ಗ್ರಾಂ ಮಾನಾಕ್ಸೈಡ್ ಮೀರಬಾರದೆಂಬ ಮಿತಿ ಬಂತು. ಯುರೋಪು 2002ರಿಂದ ಅದೇ ಉಷ್ಣಾಂಶದಲ್ಲಿ ಕಿಲೋಮೀಟರಿಗೆ 15 ಗ್ರಾಂ ಎಂದಿತು. ನಗರ ಸಂಚಾರದ ಭಾಗಕ್ಕೆ ಮಾತ್ರ ಅನ್ವಯಿಸುವ ಮಿತಿ ಅದು, ನಿಜ. ಆದರೂ ಸಾಮಾನ್ಯ ಪರೀಕ್ಷೆಯ ಮಿತಿ ಮುಂದೆ 1 ಗ್ರಾಮಿಗೆ ಇಳಿದ ಮೇಲೂ ಚಳಿಯ ಅಂಕಿ ಕದಲಲಿಲ್ಲ. ಚೀನಾ ತನ್ನ ಆರನೇ ಹಂತದ ನಿಯಮದಲ್ಲಿ ಅದನ್ನು 10 ಗ್ರಾಮಿಗೆ ತಂದು, ನೈಟ್ರೋಜನ್ ಆಕ್ಸೈಡಿಗೂ ಚಳಿಯ ಮಿತಿ ಹಾಕಿತು.

ಡೀಸೆಲ್ ಕಾರಿಗೆ ಯುರೋಪಿನಲ್ಲಿ ಈ ಚಳಿ ಮಿತಿಯೇ ಇರಲಿಲ್ಲ. ಮೈನಸ್ 7ರಲ್ಲಿ ಹೊಗೆ ಶುದ್ಧಿ ಮಾಡುವ ಸಾಧನ 400 ಸೆಕೆಂಡಿನೊಳಗೆ ಕಾಯುತ್ತದೆಂದು ತಯಾರಕರು ಮಾಹಿತಿ ಕೊಟ್ಟರೆ ಸಾಕಿತ್ತು. ಇದರ ಫಲ ಪರೀಕ್ಷೆಯನ್ನು ವಂಚಿಸುವ ಸಾಫ್ಟ್‌ವೇರಿನ 2015ರ ಫೋಕ್ಸ್‌ವ್ಯಾಗನ್ ಹಗರಣದ ನಂತರ ಬಯಲಾಯಿತು. ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಹೊಗೆಯ ಒಂದಂಶವನ್ನು ಎಂಜಿನ್ನಿಗೇ ಮರಳಿ ಬಿಡುತ್ತಾರೆ. ಹಲವು ಕಂಪನಿಗಳ ಕಾರುಗಳಲ್ಲಿ ಹೊರಗಿನ ಹವೆ ತಣ್ಣಗಾದೊಡನೆ ಸಾಫ್ಟ್‌ವೇರ್ ಈ ಮರಳಿಸುವಿಕೆಯನ್ನು ಇಳಿಸುತ್ತಿತ್ತು. ಮಸಿ ಕಟ್ಟಿ ಎಂಜಿನ್ ಕೆಡುತ್ತದೆ ಎಂಬುದು ಅವರ ಸಮರ್ಥನೆ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ 15ರಿಂದ 33 ಡಿಗ್ರಿಯ ನಡುವೆ ಮಾತ್ರ ಪೂರ್ಣವಾಗಿ ಕೆಲಸ ಮಾಡುವ ವ್ಯವಸ್ಥೆಯನ್ನು ಆಸ್ಟ್ರಿಯಾದ ಚಳಿಗೆ ಮಾರುವುದೆಂದರೇನು? ವರ್ಷದ ಬಹುಪಾಲು ಹೀಗೆ ಶುದ್ಧೀಕರಣವನ್ನು ತಗ್ಗಿಸುವ ಸಾಧನವನ್ನು ಎಂಜಿನ್ ರಕ್ಷಣೆಯ ಹೆಸರಿನಲ್ಲಿ ಸಮರ್ಥಿಸಿಕೊಳ್ಳಲಾಗದೆಂದು ಯುರೋಪಿನ ನ್ಯಾಯಾಲಯ 2022ರ ಜುಲೈ 14ರಂದು ತೀರ್ಪು ಕೊಟ್ಟಿತು. ಅದಕ್ಕೂ ಮೊದಲೇ, 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ರಸ್ತೆಬದಿಯ ಉಪಕರಣಗಳಿಂದ ಅಳೆದು, ಹವೆ ತಣ್ಣಗಾದಂತೆ ಡೀಸೆಲ್ ಕಾರುಗಳ ನೈಟ್ರೋಜನ್ ಆಕ್ಸೈಡ್ ಏರುವುದನ್ನು ತೋರಿಸಿತ್ತು. ಪೆಟ್ರೋಲ್ ಕಾರುಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ.

ಮೈಲೇಜಿನ ಕಥೆಯಲ್ಲಿ ಇಷ್ಟು ನಾಟಕವಿಲ್ಲ. ಅಮೆರಿಕ ಸರ್ಕಾರದ ಅಂಕಿಗಳ ಪ್ರಕಾರ 25 ಡಿಗ್ರಿಗೆ ಹೋಲಿಸಿದರೆ ಮೈನಸ್ 7ರಲ್ಲಿ ಪೆಟ್ರೋಲ್ ಕಾರಿನ ನಗರ ಮೈಲೇಜು ಸುಮಾರು ಶೇ. 15 ಇಳಿಯುತ್ತದೆ, ಐದಾರು ಕಿಲೋಮೀಟರಿನ ಓಡಾಟದಲ್ಲಿ ಶೇ. 24ರವರೆಗೆ. ಹೈಬ್ರಿಡ್ ಕಾರಿನಲ್ಲಿ ಇಳಿಕೆ ಶೇ. 30 ದಾಟುತ್ತದೆ. ದಪ್ಪವಾದ ಆಯಿಲ್, ಗಾಳಿ ಇಳಿದ ಟೈರು, ಗಾಜು ಬಿಸಿಮಾಡುವ ವಿದ್ಯುತ್ತು, ಹತ್ತರಲ್ಲೊಂದು ಪಾಲು ದಟ್ಟವಾಗಿ ಎದುರು ನಿಲ್ಲುವ ಹೊರಗಿನ ಗಾಳಿ, ಎಲ್ಲವೂ ತಮ್ಮ ಪಾಲು ಕೇಳುತ್ತವೆ. 2008ರ ಮಾದರಿಗಳಿಂದ ಅಮೆರಿಕದ ಮೈಲೇಜ್ ಚೀಟಿಗೆ ಚಳಿ ಪರೀಕ್ಷೆಯ ಲೆಕ್ಕವೂ ಸೇರಿತು. ಯುರೋಪಿನ ಹೊಸ ಪರೀಕ್ಷೆ 23 ಡಿಗ್ರಿಯಲ್ಲಿ ನಡೆದರೂ ಫಲಿತಾಂಶವನ್ನು 14 ಡಿಗ್ರಿಗೆ ಸರಿಹೊಂದಿಸಬೇಕು.

ಪರಿಹಾರಗಳಲ್ಲಿ ಜಾಣತನಕ್ಕೆ ಕೊರತೆಯಿರಲಿಲ್ಲ. ಕನ್ವರ್ಟರನ್ನು ಎಂಜಿನ್ನಿಗೆ ಅಂಟಿಸಿದಂತೆ ಕೂರಿಸಿದರು. 1995ರ ಸುಮಾರಿಗೆ ಆಲ್ಪಿನಾ ಕಂಪನಿ ವಿದ್ಯುತ್ತಿನಿಂದ ಕಾಯುವ ಕನ್ವರ್ಟರ್ ತಂದಿತು. ಎರಡನೇ ತಲೆಮಾರಿನ ಟೊಯೋಟಾ ಪ್ರಿಯಸ್ ಹೈಬ್ರಿಡ್‌ನ ಅಮೆರಿಕದ ಮಾದರಿ ಬಿಸಿ ಕೂಲೆಂಟನ್ನು ಥರ್ಮಾಸಿನಲ್ಲಿ ಮೂರು ದಿನದವರೆಗೆ ಕಾಪಾಡುತ್ತಿತ್ತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ನೇರವಾದದ್ದು ಫೇರ್‌ಬ್ಯಾಂಕ್ಸ್‌ನವರ ದಾರಿ: ನಿಲ್ಲಿಸಿದ ಕಾರಿಗೆ ಪ್ಲಗ್ ಹಾಕಿ ಎಂಜಿನ್ನನ್ನೇ ಬೆಚ್ಚಗಿಡುವುದು.

ನಮ್ಮಲ್ಲಿ ಮೈನಸ್ ಡಿಗ್ರಿಯ ಪಾಡು ಹಿಮಾಲಯದ್ದು. ಡೀಸೆಲ್ ಹೆಪ್ಪುಗಟ್ಟುವ ಲಡಾಖಿಗೆ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33ರವರೆಗೂ ಹರಿಯುವ ಚಳಿಗಾಲದ ಡೀಸೆಲ್ ಕಳಿಸಿತು. ಕರ್ನಾಟಕದ ಚಳಿ ಆ ಲೆಕ್ಕಕ್ಕಿಲ್ಲ. ಆದರೆ 250 ಡಿಗ್ರಿ ಕಾಯಬೇಕಾದ ಕನ್ವರ್ಟರಿಗೆ ಮಡಿಕೇರಿಯ 12 ಡಿಗ್ರಿಯೂ ಕಲಬುರಗಿಯ 30 ಡಿಗ್ರಿಯೂ ತಣ್ಣಗೇ. ಆದ್ದರಿಂದ ಬೆಳಿಗ್ಗೆ ಗೇಟಿನ ಮುಂದೆ ಕಾರನ್ನು ಐದು ನಿಮಿಷ ಗುರುಗುಟ್ಟಿಸುತ್ತ ಬಿಡಬೇಡಿ. ಅರ್ಧ ನಿಮಿಷ ಸಾಕು, ನಂತರ ನಿಧಾನವಾಗಿ ಓಡಿಸಿದರೆ ಎಂಜಿನ್ ಬೇಗ ಕಾಯುತ್ತದೆ. ಹಾಲಿಗೆ, ಪೇಪರಿಗೆ ಕಾರು ತೆಗೆಯುವವರು ನಡೆದೇ ಹೋಗಲಿ.