ಕೈಖರ್ಚೋ, ಸಂಬಳವೋ: ಓ ಪೇರ್ ಪದ್ಧತಿಯ ಒಂದು ಪರಿಶೀಲನೆ

ಮ್ಯೂನಿಕ್‌ನಲ್ಲಿ ನೆಲೆಸಿರುವ ಕನ್ನಡ ದಂಪತಿ ತಮ್ಮ ಮಗುವನ್ನು ನೋಡಿಕೊಳ್ಳಲು ಧಾರವಾಡದಿಂದ ಅಕ್ಕನ ಮಗಳನ್ನು ಓ ಪೇರ್ ವೀಸಾದಲ್ಲಿ ಕರೆಸಿಕೊಳ್ಳಲು ಹೊರಟರು ಎನ್ನೋಣ. ಜರ್ಮನಿಯ ನಿಯಮ ಅದಕ್ಕೆ ಒಪ್ಪುವುದಿಲ್ಲ. ಓ ಪೇರ್ ಆಗಿ ಬರುವವರು ಆ ಮನೆಗೆ ನೆಂಟರಾಗಿರಕೂಡದು. ನೆಂಟಸ್ತಿಕೆಯಿಲ್ಲದ ಬೇರೊಬ್ಬ ಹುಡುಗಿಯನ್ನು ಹುಡುಕಿದರೂ ತೊಡಕು ತಪ್ಪದು. ಆ ಮನೆಯವರ ಮಾತೃಭಾಷೆ ಜರ್ಮನ್ ಆಗಿರಬೇಕು. ಅದು ಬರೀ ಮನೆಮಾತಾಗಿದ್ದರೆ, ಬರುವವಳು ಆ ದಂಪತಿಯ ತಾಯ್ನಾಡಿನವಳಾಗಿರಬಾರದು. ಪರದೇಶದ ಭಾಷೆ, ಬದುಕು ಕಲಿಯಲು ಬಂದ ಯುವತಿ ಅಥವಾ ಯುವಕ ಮನೆಯವರಲ್ಲೊಬ್ಬರಾಗಿದ್ದುಕೊಂಡು ಮಕ್ಕಳ ಆರೈಕೆಯಲ್ಲಿ ಕೈಜೋಡಿಸುತ್ತಾರೆ ಎಂಬ ನಂಬಿಕೆಯ ಮೇಲೆ ಈ ವೀಸಾ ನಿಂತಿದೆ.

ಆ ನಂಬಿಕೆ ಎಷ್ಟರಮಟ್ಟಿಗೆ ಗಟ್ಟಿ? ಒಳ್ಳೆಯ ಮನೆ, ಕೆಟ್ಟ ಮನೆಗಳ ಕಥೆಗಳು ಬೇಕಾದಷ್ಟು ಸಿಗುತ್ತವೆ. ಅವುಗಳನ್ನು ಪಕ್ಕಕ್ಕಿಟ್ಟು, ವಾರದ ಅಥವಾ ತಿಂಗಳ ಕೊನೆಗೆ ಕೈಗೆ ಬರುವ ಹಣವನ್ನು ಕಾನೂನು ಯಾವ ಖಾತೆಯಲ್ಲಿ ಬರೆಯುತ್ತದೆ ಎಂದು ನೋಡಿದರೆ ಪದ್ಧತಿಯ ಒಳಗುಟ್ಟು ಹೆಚ್ಚು ಸ್ಪಷ್ಟವಾಗುತ್ತದೆ.

ಯೂರೋಪ್ ಮಂಡಳಿ 1969ರ ನವೆಂಬರ್ 24ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಓ ಪೇರ್ ಒಪ್ಪಂದವೊಂದನ್ನು ಸಹಿಗೆ ಮುಂದಿಟ್ಟಿತು. ವಯಸ್ಸು 17ರಿಂದ 30. ಕೆಲಸ ಸಾಮಾನ್ಯವಾಗಿ ದಿನಕ್ಕೆ ಐದು ಗಂಟೆ ಮೀರಬಾರದು. ವಾರಕ್ಕೊಂದು ಪೂರ್ಣ ರಜೆ, ಅದರಲ್ಲೂ ತಿಂಗಳಿಗೆ ಕನಿಷ್ಠ ಒಂದು ಭಾನುವಾರ. ಇಷ್ಟು ಕರಾರುವಾಕ್ಕಾಗಿ ಬರೆದ ಅದೇ ಕರಡುಗಾರರು ಪೀಠಿಕೆಯಲ್ಲಿ ಮಾತ್ರ ಜಾರಿಕೊಂಡರು. ಓ ಪೇರ್‌ಗಳು ವಿದ್ಯಾರ್ಥಿಗಳ ವರ್ಗಕ್ಕೂ ಸೇರರು, ಕಾರ್ಮಿಕರ ವರ್ಗಕ್ಕೂ ಸೇರರು, ಎರಡರ ಲಕ್ಷಣವೂ ಇರುವ ವಿಶೇಷ ವರ್ಗ ಅವರದು ಎಂದುಬಿಟ್ಟರು. ಒಪ್ಪಂದವನ್ನು ಅನುಮೋದಿಸಿದ ದೇಶಗಳು ಬೆರಳೆಣಿಕೆಯಷ್ಟು. ಆದರೆ ಆ ತ್ರಿಶಂಕು ಸ್ಥಿತಿ ಎಲ್ಲೆಡೆ ಉಳಿದುಕೊಂಡಿತು.

ಇಂದಿನ ಜರ್ಮನಿಯಲ್ಲಿ ಮಿತಿ ದಿನಕ್ಕೆ ಆರು, ವಾರಕ್ಕೆ 30 ಗಂಟೆ. ತಿಂಗಳಿಗೆ 280 ಯೂರೋ ಕೈಖರ್ಚು, ಊಟ, ವಸತಿ, ವಿಮೆ, ಭಾಷಾ ತರಗತಿಯ ಶುಲ್ಕಕ್ಕೆ ಒಂದಷ್ಟು ನೆರವು. ಭಾರತದಿಂದ ಹೋಗುವವರು ವೀಸಾಕ್ಕೆ ಮೊದಲೇ ಜರ್ಮನ್ ಭಾಷೆಯ ಎ1 ಹಂತ ಮುಗಿಸಿರಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಆ ಪಾಠ, ಪರೀಕ್ಷೆ ಎರಡೂ ಉಂಟು. ಎ1 ಎಂದರೆ ಹೆಸರು, ಊರು ಹೇಳಿಕೊಳ್ಳುವುದು, ಬೆಲೆ ಕೇಳುವುದು, ರೈಲಿನ ಹೊತ್ತು ವಿಚಾರಿಸುವುದು. ಮೂರು ವರ್ಷದ ಮಗು ಬೆಳಿಗ್ಗೆ ಏಳು ಗಂಟೆಗೆ ಕಾಲುಚೀಲ ಹಾಕಿಕೊಳ್ಳುವುದಿಲ್ಲವೆಂದು ಹಟ ಹಿಡಿದಾಗ ಬೇಕಾಗುವ ಜರ್ಮನ್ ಆ ಪಠ್ಯದಲ್ಲಿ ಸಿಗುವುದು ಅನುಮಾನ.

ಹಣದ ಲೆಕ್ಕ ಬಟಾಬಯಲಾಗಿ ಕಾಣುವುದು ಅಮೆರಿಕದಲ್ಲಿ. ಅಲ್ಲಿ 1986ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಕಾರ್ಯಕ್ರಮ ಜೆ-1 ಎಂಬ ಸಾಂಸ್ಕೃತಿಕ ವಿನಿಮಯ ವೀಸಾದಡಿ ಬರುತ್ತದೆ. ಕೆಲಸವೋ ದಿನಕ್ಕೆ 10 ಗಂಟೆಯವರೆಗೆ, ವಾರಕ್ಕೆ 45 ಗಂಟೆಯವರೆಗೆ. ಕೊಡಬೇಕಾದ ಕನಿಷ್ಠ ಮೊತ್ತ ವಾರಕ್ಕೆ 195 ಡಾಲರ್ 75 ಸೆಂಟ್. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಗಂಟೆಗೆ 7.25 ಡಾಲರ್ ಎಂಬ ಒಕ್ಕೂಟದ ಕನಿಷ್ಠ ವೇತನವನ್ನು 45ರಿಂದ ಗುಣಿಸಿದರೆ 326.25. ಅದರಲ್ಲಿ ಊಟ, ವಸತಿಯ ಬಾಬ್ತು ಶೇ. 40 ಕಳೆದರೆ 195.75. ಅಂದರೆ ಅದನ್ನು ಸಂಬಳವೆಂದು ಬಾಯಿಬಿಟ್ಟು ಹೇಳದಿದ್ದರೂ ಕೂಡಿ ಕಳೆಯುವಾಗ ಬಳಸಿದ್ದು ಸಂಬಳದ ಮಗ್ಗಿಯನ್ನೇ. ಓ ಪೇರ್‌ಗೆ ಪ್ರತ್ಯೇಕ ಕೋಣೆ ಕೊಡಲೇಬೇಕೆಂಬ ನಿಯಮವೂ ಇದೆ. ಕಡ್ಡಾಯವಾಗಿ ಕೊಡಬೇಕಾದ ಆ ಕೋಣೆಯ ಬಾಡಿಗೆ ಇರುವವಳ ಲೆಕ್ಕದಿಂದಲೇ ಮುರಿದುಹೋಗುತ್ತದೆ. ಕನಿಷ್ಠ ವೇತನ 2009ರಿಂದ ಅಲುಗಾಡಿಲ್ಲವಾದ್ದರಿಂದ ಈ ಮೊತ್ತವೂ ಅಲುಗಾಡಿಲ್ಲ.

ಪ್ರಕರಣ ನ್ಯಾಯಾಲಯ ಮುಟ್ಟಿದ್ದು ಸಹಜವೇ. ಓ ಪೇರ್‌ಗಳನ್ನು ಮನೆಗಳಿಗೆ ಗೊತ್ತುಮಾಡಿಕೊಡುವ ಏಜೆನ್ಸಿಗಳು ಒಳಗೊಳಗೇ ಮಾತಾಡಿಕೊಂಡು ಕನಿಷ್ಠ ಮೊತ್ತವನ್ನೇ ಎಲ್ಲರಿಗೂ ನಿಗದಿ ಮಾಡಿವೆ ಎಂದು ಡೆನ್ವರ್‌ನಲ್ಲಿ 2014ರಲ್ಲಿ ದಾವೆ ಹೂಡಲಾಯಿತು. ಏಜೆನ್ಸಿಗಳು ತಪ್ಪು ಒಪ್ಪಿಕೊಳ್ಳಲಿಲ್ಲ. ಆದರೂ 2019ರ ಜನವರಿಯಲ್ಲಿ 6.55 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಾಸ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಮ್ಯಾಸಚೂಸೆಟ್ಸ್ ರಾಜ್ಯದ ವೇತನ ಕಾನೂನು ಓ ಪೇರ್‌ಗಳಿಗೂ ಅನ್ವಯಿಸುತ್ತದೆ ಎಂದು ತೀರ್ಪಿತ್ತಿತು. ಆಗ ಆ ರಾಜ್ಯದ ಕನಿಷ್ಠ ವೇತನ ಗಂಟೆಗೆ 12 ಡಾಲರ್. 45 ಗಂಟೆಗೆ 540. ಓವರ್‌ಟೈಮ್, ಕಡಿತಗಳ ಮಾತು ಬೇರೆ. ಅಗ್ಗದಲ್ಲಿ ಮಗು ನೋಡಿಕೊಳ್ಳುವವರು ಸಿಗುತ್ತಾರೆಂದು ಸಂಸಾರದ ಖರ್ಚು ಹೊಂದಿಸಿಕೊಂಡಿದ್ದ ಮನೆಗಳು ಕಂಗಾಲಾದವು. ಅದು ಕಾರ್ಯಕ್ರಮದ ನಿಜವಾದ ಬಳಕೆ ಏನಾಗಿತ್ತು ಎಂಬುದಕ್ಕೂ ಒಳ್ಳೆಯ ಸಾಕ್ಷಿ.

ನಾರ್ವೆ ಗೊಡವೆಯೇ ಬೇಡವೆಂದು 2024ರ ಮಾರ್ಚ್‌ನಲ್ಲಿ ಓ ಪೇರ್ ಪರವಾನಗಿಯನ್ನೇ ನಿಲ್ಲಿಸಿತು. ಬ್ರಿಟನ್ ಓ ಪೇರ್ ವೀಸಾವನ್ನು 2008ರಲ್ಲಿ ಕೈಬಿಟ್ಟಿತ್ತು. ಮನೆಯವರಂತೆ ಇದ್ದು ಕೆಲಸ ಮಾಡುವವರಿಗೆ ಕನಿಷ್ಠ ವೇತನ ಕೊಡಬೇಕಿಲ್ಲ ಎಂಬ ವಿನಾಯಿತಿಯನ್ನು 2024ರ ಏಪ್ರಿಲ್ 1ರಿಂದ ತೆಗೆದುಹಾಕಿತು.

ಹಾಗೆಂದು ಹೋಗುವವರೆಲ್ಲ ಏನೂ ಅರಿಯದ ಮುಗ್ಧರು ಎಂದುಕೊಳ್ಳಬೇಕಿಲ್ಲ. ಜರ್ಮನಿಗೆ ಬಂದ ಪೂರ್ವ ಯೂರೋಪಿನ ಯುವತಿಯರನ್ನು ಅಧ್ಯಯನ ಮಾಡಿದ ಸಬೀನೆ ಹೆಸ್, ಅವರಿಗೆ ಓ ಪೇರ್ ಎನ್ನುವುದು ವಲಸೆಯ ಒಂದು ತಂತ್ರವೂ ಆಗಿತ್ತೆಂದು 2005ರ ಕೃತಿಯಲ್ಲಿ ತೋರಿಸಿದರು. ಜುಜಾನಾ ಬುರಿಕೋವಾ ಮತ್ತು ಡೇನಿಯಲ್ ಮಿಲ್ಲರ್ ಲಂಡನ್ನಿನಲ್ಲಿದ್ದ 50 ಸ್ಲೊವಾಕ್ ಓ ಪೇರ್‌ಗಳನ್ನು ಕುರಿತು 2010ರಲ್ಲಿ ಪುಸ್ತಕ ತಂದರು. ಬುರಿಕೋವಾ ಹೆಚ್ಚು ಗಮನ ಕೊಟ್ಟಿರುವ ವಿಷಯಗಳಲ್ಲಿ ಒಂದು ಓ ಪೇರ್‌ನ ಕೋಣೆ. ಮನೆಯೊಡತಿಗೂ ಹುಡುಗಿಗೂ ಒಬ್ಬರೆದುರು ಒಬ್ಬರಿಗೆ ಮುಜುಗರ. ಸಂಜೆ ಮನೆಯವರು ಹಜಾರದಲ್ಲಿ ಕುಳಿತಾಗ ಜತೆಗೆ ಕೂರುವುದೋ, ಮೇಲಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುವುದೋ? ಕಾನೂನಿನ ಅಸ್ಪಷ್ಟತೆ ಮನೆಯೊಳಗೆ ಇಂಥ ಇಕ್ಕಟ್ಟಾಗಿ ಇಳಿಯುತ್ತದೆ. ಗಂಟೆಗಳ ಲೆಕ್ಕ ಸಂಬಳವಾಗಿ ಇತ್ಯರ್ಥವಾದರೆ ಆತ್ಮೀಯತೆ ಕೆಡುತ್ತದೆ ಎಂಬ ಏಜೆನ್ಸಿಗಳ ವಾದ ಅಷ್ಟಾಗಿ ಒಪ್ಪುವಂತಿಲ್ಲ. ಈಗಿರುವ ಮುಜುಗರಕ್ಕೆ ಆ ಲೆಕ್ಕ ತೀರದಿರುವುದೂ ಒಂದು ಕಾರಣ.

ಕಳುಹಿಸುವ ದೇಶಗಳ ನಿಲುವೂ ಗಮನಿಸತಕ್ಕದ್ದು. ಫಿಲಿಪ್ಪೀನ್ಸ್ ತನ್ನ ಯುವತಿಯರು ಓ ಪೇರ್ ಆಗಿ ಯೂರೋಪಿಗೆ ಹೋಗುವುದನ್ನು 1998ರಲ್ಲಿ ನಿಷೇಧಿಸಿ, 2010ರಲ್ಲಿ ನಾರ್ವೆ, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್‌ಗಳಿಗೆ ಷರತ್ತಿನೊಂದಿಗೆ ತೆರವು ಮಾಡಿತು. ಭಾರತದಲ್ಲಿ 1983ರ ವಲಸೆ ಕಾಯ್ದೆಯಡಿ ಸರ್ಕಾರದ ಅನುಮತಿ ಬೇಕಾಗುವುದು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ, ಅದೂ ಹತ್ತನೇ ತರಗತಿ ದಾಟದವರಂಥ ಪಾಸ್‌ಪೋರ್ಟ್‌ದಾರರಿಗೆ. ಅಂಥ ಮಹಿಳೆ ಕುವೈತಿನ ಮನೆಯೊಂದಕ್ಕೆ ಕೆಲಸಕ್ಕೆ ಹೋಗಬೇಕಾದರೆ ಕನಿಷ್ಠ 30 ವರ್ಷ ತುಂಬಿರಬೇಕು. ಜರ್ಮನಿ ಆ ಪಟ್ಟಿಯಲ್ಲಿಲ್ಲ. ಅಲ್ಲಿಗೆ ಓ ಪೇರ್ ಆಗಿ ಹೋಗುವ ಭಾರತೀಯಳಿಗೆ ವೀಸಾ ಅರ್ಜಿ ಹಾಕುವಾಗ 27 ತುಂಬಿರಬಾರದು.